ಹನ್ನೊಂದು ಮನೆಗಳ ಇಮಾಮಸಾಬರು

ಇಮಾಮಸಾಬರು ಯಾರ ಮನೆಗೆ ಹೋದರೂ ಮೊದಲು ಗೋಡೆಗೆ ಕೈ ಕೊಡುತ್ತಿದ್ದರು, ಆಮೇಲೆ ಮನೆಯವರಿಗೆ. ಹೊಸ್ತಿಲ ಹೊರಗೇ ನಿಂತು ಬಾಗಿಲ ಚೌಕಟ್ಟನ್ನು ಗೇಣು ಹಾಕಿ ಅಳೆದು, ತುಟಿಯೊಳಗೇ ಏನೋ ಎಣಿಸಿ, "ಬಲಕ್ಕ ಎರಡು ಬೆರಳು ವಾಲೈತಿ ನೋಡ್ರಿ" ಎಂದು ತೀರ್ಪು ಕೊಟ್ಟ ಮೇಲೆಯೇ "ಆರಾಮ ಅದೀರಿ?" ಎಂಬ ಮಾತು. ಹೆಣ್ಣು ನೋಡಲು ಹೋದಲ್ಲಿಯೂ ಹೀಗೇ ಮಾಡಿದ್ದಕ್ಕೆ ಹುಡುಗಿಯ ತಂದೆ ಇವರನ್ನು ಮನೆ ಕೊಳ್ಳಲು ಬಂದವರೆಂದು ತಿಳಿದು ಸಿಟ್ಟಿಗೆದ್ದಿದ್ದರಂತೆ. ಕಡೆಗೆ ಆ ಹುಡುಗಿಯನ್ನೇ ಲಗ್ನವಾದರು. "ಮನಿ ವಾಲಿತ್ತು, ಹುಡುಗಿ ನೆಟ್ಟಗಿದ್ಲು" ಎಂದು ತಾವೇ ಹೇಳಿ ನಗುತ್ತಿದ್ದರು.

ಅವರ ಎಡ ಹೆಗಲಿನಿಂದ ಸೊಂಟದವರೆಗೆ ಸದಾ ಒಂದು ಹುರಿ ಇಳಿಬಿದ್ದಿರುತ್ತಿತ್ತು. ಗೇಣಿಗೊಂದು ಗಂಟು. ಓಣಿಯವರು ಅದನ್ನು "ಸಾಬರ ಜನಿವಾರ" ಎಂದು ಕಾಡಿದರೆ, "ಹೌದು, ನಂದೂ ಒಂದು ಮಂತ್ರ ಐತಿ, ಗಂಟು ಎಣಸೂದು" ಎನ್ನುತ್ತಿದ್ದರು. ಕಚೇರಿಗಳಿಗೆ ಆಗಷ್ಟೇ ಮೀಟರ್ ಲೆಕ್ಕ ಬಂದಿತ್ತು. ನನ್ನ ಮೀಟರ್ ಪಟ್ಟಿಯನ್ನು ಒಮ್ಮೆ ಕೈಗೆ ತೆಗೆದುಕೊಂಡು, ತಮ್ಮ ಹುರಿಯ ಪಕ್ಕಕ್ಕೆ ಹಿಡಿದು, "ಗಜದ ಹೊಟ್ಟಿಯಾಗ ಹುಟ್ಟಿ ಗಜಕ್ಕಿಂತ ಉದ್ದ ಬೆಳದಾನ ಮಗಾ" ಎಂದು ವಾಪಸ್ಸು ಕೊಟ್ಟರು.

ವಿಜಾಪುರದ ಜೋರಾಪುರ ಪೇಟೆಯ ಒಂದು ಸಣ್ಣ ಓಣಿಯಲ್ಲಿ ಅವರ ಮನೆ. ವರ್ಷವೆಲ್ಲ ಬಾಗಿಲು ಕಿಟಕಿ ಮಾಡುವ ಬಡಿಗತನ. ಮೊಹರಂ ಹತ್ತಿರ ಬಂತೆಂದರೆ ಉಳಿ ಬಾಚಿ ಕಟ್ಟಿಟ್ಟು ತಾಬೂತಿಗೆ ಕೂರುತ್ತಿದ್ದರು. ಬಿದಿರು ಕಡ್ಡಿ, ಬಣ್ಣದ ಕಾಗದ, ಬೇಗಡೆ, ಹುಣಸೆ ಬೀಜದ ಅಂಟು, ಇಷ್ಟರಲ್ಲಿ ಆಳೆತ್ತರದ ಗುಮ್ಮಟದ ಮನೆ ಏಳುತ್ತಿತ್ತು. ಅದು ಎದ್ದು ನಿಲ್ಲುವವರೆಗೆ ಯಾರಿಗೂ ತೋರಿಸುತ್ತಿರಲಿಲ್ಲ, ಮೇಲೊಂದು ಚಾದರ ಹೊದಿಸಿರುತ್ತಿದ್ದರು. ತಿಂಗಳುಗಟ್ಟಲೆ ಕಣ್ಣು ಕಿರಿದು ಮಾಡಿ ಕಟ್ಟಿದ್ದನ್ನು ಕಡೆಯ ದಿನ ಒಯ್ದು ನೀರಿಗೆ ಬಿಡುವುದು. ಬೇಜಾರಾಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

"ಬೇಜಾರ ಯಾಕ ತಮ್ಮಾ? ನೀರಿಗಂತನ ಮಾಡಿದ್ದು ನೀರಿಗೆ ಹೋಗತೈತಿ," ಎಂದರು. "ಆದ್ರ ಒಂದು ಐತಿ. ಎಲ್ಲಾ ಕಿಟಕಿ ಅಂಟಿಸಬಾರದು. ಒಂದು ಬಿಡಬೇಕು. ಎಲ್ಲಾ ಬಿಗದಿ ಅಂದ್ರ ಒಳಗಿನ ಗಾಳಿ ಹೊರಗ ಬರೂದಿಲ್ಲ. ತಾಬೂತು ಮುಳುಗೂದಿಲ್ಲ, ಮಂದಿ ಕಣ್ಣ ಮುಂದ ಬೋರಲ ಬೀಳತೈತಿ. ನಮ್ಮಪ್ಪ ಕಲಿಸ್ಯಾನ ಇದನ್ನ. ಒಳಗ ಸಿಕ್ಕೊಂಡಿದ್ದಕ್ಕ ಹೊರಗ ಬರಾಕ ಒಂದು ಹಾದಿ ಇಟ್ಟಿರಬೇಕು."

ನನ್ನ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ನನ್ನ ಹೆಸರು ಪರಶುರಾಮ. ಬಬಲೇಶ್ವರದವನು. ನಮ್ಮ ಕೇರಿಯಲ್ಲಿ ಸರಕಾರಿ ಕುರ್ಚಿಯ ಮೇಲೆ ಕೂತ ಮೊದಲನೆಯವನು ನಾನು. ನಕ್ಷೆ ಬರೆಯುವ ಕೆಲಸ. ನಾವು ಓದಿದ ಸಾಲೆಯ ಗೋಡೆಯ ಮೇಲೆ ಊರಿನ ನಕ್ಷೆಯೊಂದು ಇತ್ತು. ಅದರಲ್ಲಿ ಗುಡಿ, ಕೆರೆ, ಚಾವಡಿ ಎಲ್ಲ ಇದ್ದವು. ನಮ್ಮ ಕೇರಿ ಇರಲಿಲ್ಲ. ಅದನ್ನು ನೋಡುತ್ತ ಬೆಳೆದವನು ನಕ್ಷೆ ಬರೆಯುವವನಾದದ್ದು ಹಟದಿಂದಲೇ. ಮರ, ಬಾವಿ, ಕಲ್ಲು ಕಟ್ಟೆ, ಏನನ್ನೂ ಬಿಡದೆ ಬರೆಯುತ್ತಿದ್ದೆ. ಕಚೇರಿಯಲ್ಲಿ ಅದಕ್ಕೆ ನಗುತ್ತಿದ್ದರು.

ನೌಕರಿಗೆ ಸೇರಿ ವಿಜಾಪುರಕ್ಕೆ ಬಂದಾಗ ಬಾಡಿಗೆಗೆ ಒಂದು ಖೋಲಿ ಸಿಗಬೇಕಾದರೆ ನನ್ನ ಚಪ್ಪಲಿ ಸವೆದುಹೋಯಿತು. ಊರು, ಮನೆತನ ಕೇಳುವುದು, "ಈಗ ತಾನೇ ಬ್ಯಾರೆಯವರಿಗೆ ಕೊಟ್ಟೇವ್ರಿ" ಎನ್ನುವುದು. ಏಳೆಂಟು ಮನೆ ತಿರುಗಿ ಜೋರಾಪುರ ಪೇಟೆಯಲ್ಲಿ ಒಂದು ಕಟ್ಟೆಯ ಮೇಲೆ ಕುಸಿದು ಕೂತಿದ್ದೆ. ಅದು ಇಮಾಮಸಾಬರ ಕಟ್ಟೆ. ಅವರು ಹೊರಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಐದು ಫೂಟು ಆರು ಇಂಚು. ಮಾಳಗಿಗೆ ತಲಿ ಬಡಿಯೂದಿಲ್ಲ, ಬರ್ರಿ" ಎಂದು ಓಣಿಯ ಬಾಯಿಗೆ, ದೊಡ್ಡ ರಸ್ತೆಗೆ ಮುಖ ಮಾಡಿದ್ದ ಒಂದು ಖೋಲಿ ಕೊಡಿಸಿದರು. ಬೇರೇನನ್ನೂ ಕೇಳಲಿಲ್ಲ. ಅಂದಿನಿಂದ ನಾನು ಅವರಿಗೆ "ತಮ್ಮಾ", ಅವರು ನನಗೆ "ಕಾಕಾ". ಎರಡು ವರ್ಷ ಸಂಜೆಯ ಚಹ ಅವರ ಕಟ್ಟೆಯ ಮೇಲೆಯೇ.

ಆಗ ನಮ್ಮ ಕಚೇರಿಯಲ್ಲಿ ಹೊಸ ಮಾರುಕಟ್ಟೆಯ ಮಾತು ಎದ್ದಿತು. ಪೇಟೆಯ ಪಕ್ಕದ ಖಾಲಿ ಮೈದಾನದಲ್ಲಿ ಕಟ್ಟುವುದು. ಒಪ್ಪಿಗೆ ಕೊಡಲು ಬೆಳಗಾವಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರಿಗೆ ಕಾಗದದ ಮೇಲಿನ ಗೆರೆಗಳು ಹಿಡಿಸುವುದಿಲ್ಲ, ಕಣ್ಣಿಗೆ ಕಾಣುವ ಮಾಡೆಲ್ಲೇ ಬೇಕು ಎಂದು ಸುದ್ದಿ. ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಇಂಜಿನಿಯರ್ ಸಾಹೇಬರು ಮುಂಬಯಿಯಲ್ಲಿ ಅದೇ ಕಸಬಿನವರಿಗೆ ಬರೆಸಿದರು. ಆರು ತಿಂಗಳು ಬೇಕೆಂದು ಉತ್ತರ ಬಂತು. ದೊಡ್ಡ ಸಾಹೇಬರು ಬರಲು ಇದ್ದದ್ದು ಆರು ವಾರ. ನಾನು ನಡುವೆ ಬಾಯಿ ಹಾಕಿ, "ಸರ್, ನಮ್ಮ ಪೇಟೆಯಲ್ಲೇ ಒಬ್ಬರಿದ್ದಾರೆ" ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

"ತಾಬೂತು ಮಾಡೋರ ಕೈಲಿ ಸರ್ಕಾರಿ ಮಾಡೆಲ್ಲೇನ್ರೀ?" ಎಂದು ಸಾಹೇಬರು ಮೂಗು ಮುರಿದರು. ಮರುದಿನ ಇಮಾಮಸಾಬರು ಬಂದು, ಅವರಿಗೆ ನಮಸ್ಕಾರ ಹೇಳುವ ಮೊದಲೇ ಮೇಜಿಗೆ ಗೇಣು ಹಾಕಿದರು. ಬಗ್ಗಿ ಒಂದು ಕಾಗದ ಮಡಿಚಿ ಮೇಜಿನ ಒಂದು ಕಾಲ ಕೆಳಗೆ ತುರುಕಿದರು. ವರ್ಷದಿಂದ ಕುಂಟುತ್ತಿದ್ದ ಮೇಜು ನಿಂತುಬಿಟ್ಟಿತು. ಸಾಹೇಬರಿಗೆ ಬೇರೆ ಪರೀಕ್ಷೆ ಬೇಕಾಗಲಿಲ್ಲ. ಷರತ್ತುಗಳನ್ನು ಹೇಳಿದರು. ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಮಾರುಕಟ್ಟೆ ತೇಗದ್ದು, ಸುತ್ತಲಿನ ರಸ್ತೆ ಮನೆಗಳು ರಟ್ಟಿನವು. ಕೆಲಸ ಕಚೇರಿಯ ಹಿಂದಿನ ಉಗ್ರಾಣದಲ್ಲೇ ಆಗಬೇಕು, ಹೊರಗೆ ಯಾರಿಗೂ ತೋರಿಸಬಾರದು. ಉಗ್ರಾಣದ ಕೀಲಿ ನನ್ನ ಕೈಗೆ ಬಂತು.

ಮೊದಲ ಹತ್ತು ದಿನ ನನ್ನ ಜೀವನದ ಸುಖದ ದಿನಗಳು ಎಂದರೆ ಸುಳ್ಳಲ್ಲ. ಬೆಳಿಗ್ಗೆ ಬಾಗಿಲು ತೆರೆದುಕೊಟ್ಟು, ನಡುವೆ ಎರಡು ಸಲ ಹೋಗಿ ನೋಡಿ ಬರುತ್ತಿದ್ದೆ. ನಾನು ಬರೆದ ಗೆರೆ ಅವರ ಕೈಯಲ್ಲಿ ಗೋಡೆಯಾಗುತ್ತಿತ್ತು. ಬೆರಳುಗುರಿನಷ್ಟು ಕಮಾನುಗಳನ್ನು ಅವರು ಸಾಲಾಗಿ ಜೋಡಿಸುವಾಗ ಉಸಿರು ಬಿಡಲೂ ಹೆದರುತ್ತಿದ್ದೆ. "ಉಸರಾಡು ತಮ್ಮಾ, ಸರಕಾರದ ಕಟ್ಟಡ, ನಿನ್ನ ಉಸರಿಗೆ ಬೀಳೂದಿಲ್ಲ" ಎನ್ನುತ್ತಿದ್ದರು.

ಹನ್ನೊಂದನೆಯ ದಿನ ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಮಾರುಕಟ್ಟೆಗೆ ಮೂಡಣ ಮಗ್ಗುಲಿಗೆ ಇನ್ನೊಂದು ಪಡಸಾಲೆ ಸೇರಿಸಬೇಕಾಗಿತ್ತು. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಮೈದಾನ ಮುಗಿದುಹೋಗುತ್ತದೆ. ಅಲ್ಲಿಂದ ಇಮಾಮಸಾಬರ ಓಣಿ.

"ಸರ್, ಅಲ್ಲಿ ಮನೆಗಳಿವೆ," ಎಂದೆ.

"ಬಿದ್ದ ಮನೆಗಳು. ಕಾಗದದಲ್ಲಿ ಖಾಲಿ ಜಾಗ ಅಂತಲೇ ಹೋಗಿದೆ. ಒಪ್ಪಿಗೆ ಬಂದ ಮೇಲೆ ಜನಕ್ಕೆ ಹೇಳೋಣ. ಮೊದಲೇ ಹೇಳಿದರೆ ಗಲಾಟೆ. ನೀವು ಬಾಯಿಬಿಟ್ಟರೆ ಸುದ್ದಿ ಹೊರಗೆ ಹೋಯ್ತು ಅಂತ ಲೆಕ್ಕ." ಸ್ವಲ್ಪ ತಡೆದು, "ನಿಮ್ಮ ಕಾಯಂ ಆರ್ಡರು ಇಲ್ಲೇ ಇದೆ ಪರಶುರಾಮ, ಸಹಿ ಒಂದು ಬಾಕಿ," ಎಂದು ಮೇಜಿನ ಖಾನೆ ಮುಟ್ಟಿದರು.

ಬಬಲೇಶ್ವರದಲ್ಲಿ ನನ್ನ ಅವ್ವ ಬಂದವರಿಗೆಲ್ಲ ಮಗ ಕಾಯಂ ಆಗುತ್ತಾನೆಂದು ಹೇಳಿಕೊಂಡಿದ್ದಳು. ನಾನು ಹೊಸ ಹಾಳೆ ಹಾಸಿಕೊಂಡು ಕೂತೆ. ಹನ್ನೊಂದು ಮನೆಗಳು ಅಲ್ಲಿದ್ದವು. ಒಂದು ಬೇವಿನ ಮರ, ಒಂದು ಬಾವಿ. ಒಂದೊಂದರ ಬಾಗಿಲೂ ನನಗೆ ಗೊತ್ತಿತ್ತು. ಒಂದನ್ನೂ ಬರೆಯಲಿಲ್ಲ. ಸಾಲೆಯ ಗೋಡೆಯ ಮೇಲಿನ ಆ ನಕ್ಷೆಯನ್ನು ಬರೆದವನ ಮೇಲೆ ಬಾಲ್ಯವೆಲ್ಲ ಹಲ್ಲು ಕಡಿದಿದ್ದೆ. ಆ ಮಧ್ಯಾಹ್ನ ನಾನೇ ಅವನಾಗಿದ್ದೆ.

ಹಾಳೆಯನ್ನು ಇಮಾಮಸಾಬರ ಕೈಗೆ ಕೊಟ್ಟೆ. ಅವರು ಕೊಟ್ಟ ನಕ್ಷೆಯನ್ನು ಹಾಗೇ ನಂಬುವ ಪೈಕಿ ಅಲ್ಲ. ಕಾಗದವನ್ನು ಮಡಿಚಿ ಅಂಗಿಯೊಳಗೆ ಇಟ್ಟುಕೊಂಡು, ಹುರಿ ಬಿಚ್ಚಿಕೊಂಡು ಹೊರಗೆ ಹೋದರು. ಅವರು ವಾಪಸ್ಸು ಬರುವವರೆಗೆ ನಾನು ಉಗ್ರಾಣದ ಒಳಗೆ ಸುಮ್ಮನೆ ನಿಂತಿದ್ದೆ. ಎತ್ತರದಲ್ಲಿ ಒಂದೇ ಒಂದು ಕಿಂಡಿಯಿದ್ದ ಆ ಖೋಲಿಯಲ್ಲಿ ಅಂಟಿನ ವಾಸನೆಗೆ ತಲೆ ಹಿಡಿಯುತ್ತಿತ್ತು.

ಬಂದವರು ಹುರಿಯನ್ನು ಹಾಳೆಯ ಮೇಲೆ ಇಟ್ಟರು.

"ತಮ್ಮಾ, ನಮ್ಮ ಓಣಿ ಬಿಟ್ಟೈತಲ್ಲಾ?"

ಹೇಳಬೇಕಾದ ಮಾತು ಗಂಟಲವರೆಗೆ ಬಂದಿತ್ತು. ದೇವರಾಣೆಗೂ ಬಂದಿತ್ತು. ಹೊರಗೆ ಬಿದ್ದದ್ದು ಬೇರೆ. "ಅವಸರದಾಗ ಬರದೇನಿ ಕಾಕಾ. ಎಲ್ಲೋ ತಪ್ಪ ಆಗಿರಬೇಕು."

ಅವರು ನನ್ನ ಮುಖವನ್ನು ಬಾಗಿಲ ಚೌಕಟ್ಟು ನೋಡಿದ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಹುರಿಯನ್ನು ಹೆಗಲಿಗೆ ಹಾಕಿಕೊಂಡು, "ಆಗಲಿ ಬಿಡು. ತಪ್ಪ ಆಗಿದ್ರ ತಿದ್ದಾಕ ಬರತೈತಿ," ಎಂದರು. ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಸಂಜೆಯ ಚಹಕ್ಕೆ ಹೋಗುವುದನ್ನು ಒಂದೊಂದೇ ನೆವ ಹೇಳಿ ತಪ್ಪಿಸತೊಡಗಿದೆ. ಖೋಲಿಗೆ ಹೋಗಲು ಓಣಿಯ ಬಾಯಿಯನ್ನು ದಾಟಲೇಬೇಕಿತ್ತು. ಆ ಮೂವತ್ತು ಹೆಜ್ಜೆ ಅಷ್ಟು ಉದ್ದವಿದೆಯೆಂದು ನನಗೆ ಮೊದಲು ತಿಳಿದಿರಲಿಲ್ಲ.

ಮಾರುಕಟ್ಟೆಯ ಕಟ್ಟಡ ಹೊಸ ಪಡಸಾಲೆಯ ಸಹಿತ ತಯಾರಾಯಿತು. ಸಾಹೇಬರು ಬಂದು ನೋಡಿ ಬೆನ್ನು ತಟ್ಟಿದರು. ಎಲ್ಲವನ್ನೂ ಹಲಗೆಯ ಮೇಲೆ ಕೂಡಿಸುವುದು ಕಡೆಯ ಎರಡು ದಿನದ ಕೆಲಸ. ತಾಬೂತಿನ ರೀತಿಯಂತೆ ಇಮಾಮಸಾಬರು ಮೇಲೆ ಚಾದರ ಹೊದಿಸಿಬಿಟ್ಟರು. ಎರಡನೆಯ ದಿನ ಸಂಜೆ, "ನಾಳೆ ಎಲ್ಲಾರ ಮುಂದ ತಗಿಯೂಣು" ಎಂದರು. ನಾನು ಚಾದರ ಎತ್ತಿ ನೋಡಬೇಕಿತ್ತು, ಅದು ನನ್ನ ಕೆಲಸ. ನೋಡದೆ ಇರುವುದೇ ನನಗೆ ಹಿತವಾಗಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ದೊಡ್ಡ ಸಾಹೇಬರು ಬಂದರು. ನಮ್ಮ ಕಚೇರಿಯವರೆಲ್ಲ ಉಗ್ರಾಣದ ಗೋಡೆಗಂಟಿ ನಿಂತರು. ಒಗೆದ ಅಂಗಿ ತೊಟ್ಟು ಬಂದಿದ್ದ ಇಮಾಮಸಾಬರು ಚಾದರದ ಎರಡು ತುದಿ ಹಿಡಿದು ಮೆಲ್ಲಗೆ ಎಳೆದರು. ಎಲ್ಲರ ಬಾಯಿಂದಲೂ ಒಂದೇ ಸಲ "ಆಹಾ" ಎಂಬ ಶಬ್ದ ಬಂತು. ನನ್ನ ಬಾಯಿಂದ ಮಾತ್ರ ಬರಲಿಲ್ಲ. ಮಾರುಕಟ್ಟೆಯ ಮೂಡಣಕ್ಕೆ, ಹೊಸ ಪಡಸಾಲೆ ಇರಬೇಕಾದ ಕಡೆ, ಕಡ್ಡಿಪೆಟ್ಟಿಗೆಯಷ್ಟೇ ದೊಡ್ಡ ಹನ್ನೊಂದು ಮನೆಗಳಿದ್ದವು. ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಬೆಳಕಿಂಡಿ, ಮುಂದೆ ಕಟ್ಟೆ. ಬಾವಿ. ಬೇವಿನ ಮರ. ಪಡಸಾಲೆ ಹಲಗೆಯ ಅಂಚಿಗೆ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಕೂತಿತ್ತು.

"ಇವು ಯಾವ ಮನೆಗಳು?" ದೊಡ್ಡ ಸಾಹೇಬರು ಬಗ್ಗಿದರು.

"ನಮ್ಮ ಓಣಿ ಸಾಹೇಬ್ರ," ಇಮಾಮಸಾಬರು ಕೈಕಟ್ಟಿ ಹೇಳಿದರು. "ನಕ್ಷೆದಾಗ ಬಿಟ್ಟುಹೋಗಿತ್ರಿ. ಬರೆಯೂ ಹುಡುಗ ಶ್ಯಾಣ್ಯಾ ಅದಾನ, ಅವಸರದಾಗ ತಪ್ಪ್ಯಾನ. ನಾ ಹುರಿ ಹಿಡದು ಅಳದು ಕೂಡಿಸೇನ್ರಿ. ಅದಕ್ಕ ಈ ಪಡಸಾಲಿಗೆ ಜಾಗಾ ಸಾಲಲಿಲ್ಲ."

ಇಂಜಿನಿಯರ್ ಸಾಹೇಬರ ಮುಖ ಬೆಳ್ಳಗಾಯಿತು. ದೊಡ್ಡ ಸಾಹೇಬರು ಕೋಪಿಷ್ಠರೆಂದು ಹೆದರಿಸಿದ್ದರು, ಅವರು ಹಾಗಿರಲಿಲ್ಲ. ನನ್ನ ಕಡೆ ತಿರುಗಿ ಮೃದುವಾಗಿಯೇ ಕೇಳಿದರು. "ನೀವೇನಾ ಬರೆದದ್ದು? ತಪ್ಪಾಗಿದೆಯೇನು? ತಪ್ಪಾಗಿದ್ದರೆ ಹೇಳಿ, ಇದನ್ನೆಲ್ಲ ವಾಪಸ್ಸು ಕಳಿಸೋಣ, ಇನ್ನೊಂದು ಸಲ ಜಾಗ ಅಳೆಯಲಿ."

ಹೌದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಇಮಾಮಸಾಬರು ನನ್ನನ್ನೇ ನೋಡುತ್ತಿದ್ದರು, ಅವರ ಮುಖದಲ್ಲಿ ಒಂದು ಸಣ್ಣ ನಗೆಯಿತ್ತು. ಇಂಜಿನಿಯರ್ ಸಾಹೇಬರೂ ನನ್ನನ್ನೇ ನೋಡುತ್ತಿದ್ದರು. ನನಗೆ ಅವ್ವ ಕಂಡಳು, ಮೇಜಿನ ಖಾನೆ ಕಂಡಿತು.

"ಇಲ್ಲ ಸರ್. ನಕ್ಷೆ ಸರಿಯಾಗಿದೆ. ಅಲ್ಲಿ ಖಾಲಿ ಜಾಗ."

ಇಮಾಮಸಾಬರ ನಗೆ ಅಳಿಸಿಹೋಗಲಿಲ್ಲ, ಬರೀ ಅಲ್ಲೇ ನಿಂತುಬಿಟ್ಟಿತು. ದೊಡ್ಡ ಸಾಹೇಬರು ತಲೆಯಾಡಿಸಿ, ಸರಿಮಾಡಿ ಇಡಿ, ಊಟವಾದ ಮೇಲೆ ಮತ್ತೆ ನೋಡುತ್ತೇನೆ ಎಂದು ಹೊರಗೆ ಹೋದರು. ಇಂಜಿನಿಯರ್ ಸಾಹೇಬರು ಕಾಗದ ಕೊಯ್ಯುವ ಚಾಕು ತಂದು ನನ್ನ ಕೈಗಿಟ್ಟು, "ಕಿತ್ತು ಹಾಕಿ," ಎಂದು ಅವರ ಹಿಂದೆ ಓಡಿದರು.

ಖೋಲಿಯಲ್ಲಿ ನಾವಿಬ್ಬರೇ ಉಳಿದೆವು. ನಾನು ಚಾಕು ಹಿಡಿದು ಮೊದಲ ಮನೆಯ ಮುಂದೆ ಬಗ್ಗಿದೆ.

"ತಡೀರಿ ಸಾಹೇಬ್ರ," ಎಂದರು ಇಮಾಮಸಾಬರು. ಎರಡು ವರ್ಷದಲ್ಲಿ ಅವರು ನನ್ನನ್ನು ಸಾಹೇಬ್ರ ಎಂದು ಕರೆದದ್ದು ಅದೇ ಮೊದಲು. "ನೀವು ಎಬ್ಬಿಸಿದ್ರ ಮಗ್ಗಲಿಂದೂ ಒಡೀತಾವ. ತರ್ರಿ ಇಲ್ಲಿ."

ಚಾಕುವಿನ ತುದಿಯನ್ನು ಕೆಳಗೆ ತೂರಿಸಿ, ಅಂಟು ಬಿಡಿಸಿ, ಒಂದೊಂದೇ ಮನೆಯನ್ನು ಅಂಗೈಮೇಲೆ ಎತ್ತಿಕೊಂಡರು. ಎತ್ತುವಾಗ ಒಂದೊಂದರ ಹೆಸರು ಹೇಳುತ್ತಿದ್ದರು, ನನಗಲ್ಲ, ಗಂಟು ಎಣಿಸುವ ಹಾಗೆ ತಮಗೇ. "ಗೌರವ್ವಂದು. ಟೇಲರ್ ಮೌಲಾಂದು. ಕುಂಟ ಬಸಪ್ಪಂದು." ಕಡೆಯದನ್ನು ಎತ್ತಿ ಒಂದು ಗಳಿಗೆ ಹಿಡಿದುಕೊಂಡು, "ಇದು ನಮ್ಮದು," ಎಂದರು. ಹನ್ನೊಂದನ್ನೂ ರುಮಾಲಿನಲ್ಲಿ ಕಟ್ಟಿದರು. ಪತ್ರಿಕೆಯ ಸುತ್ತು ಬಿಚ್ಚಿ ಪಡಸಾಲೆಯನ್ನು ತೆಗೆದು, ಅಂಟು ಸವರಿ, ಖಾಲಿಯಾದ ಜಾಗದಲ್ಲಿ ಇಳಿಸಿದರು. ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಕೂತಿತು. "ಈಗ ಬರೋಬ್ಬರಿ ಆತು ನೋಡ್ರಿ," ಎಂದು ಹುರಿಯನ್ನು ಹೆಗಲಿಗೇರಿಸಿ ಹೊರಗೆ ನಡೆದರು. ನಾನು ಒಳಗೇ ಇದ್ದೆ.

ವರ್ಷ ಕಳೆಯುವುದರೊಳಗೆ ಓಣಿ ಎದ್ದುಹೋಯಿತು. ನಾನು ಕಾಯಂ ಆದೆ. ಅವ್ವ ಕೇರಿಗೆಲ್ಲ ಸಕ್ಕರೆ ಹಂಚಿದಳು. ನಾನು ಖೋಲಿ ಬದಲಿಸಿ ಊರಿನ ಇನ್ನೊಂದು ತುದಿಗೆ ಹೋದೆ. ಇಮಾಮಸಾಬರು ತಿಕೋಟಾದಲ್ಲಿ ಮಗಳ ಮನೆ ಸೇರಿದರೆಂದು ಯಾರೋ ಹೇಳಿದರು. ತಿಕೋಟಾಕ್ಕೆ ಬಸ್ಸಿನಲ್ಲಿ ಮುಕ್ಕಾಲು ತಾಸೂ ಇಲ್ಲ. ನಾನು ಹೋಗಲು ಆರು ವರ್ಷ ಹಿಡಿಯಿತು, ಅದೂ ರಸ್ತೆಯ ಅಳತೆಗೆಂದು ಕಚೇರಿಯವರು ಕಳಿಸಿದ್ದಕ್ಕೆ.

ಬಸ್ ನಿಲ್ದಾಣದ ಹಿಂದಿನ ಮನೆಯ ಅಂಗಳದಲ್ಲಿ ಕೂತು ದ್ರಾಕ್ಷಿ ತುಂಬುವ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ಕಣ್ಣು ಮಂಜಾಗಿ, ಮೊಳೆಯನ್ನು ಬೆರಳಿನಿಂದ ಹುಡುಕಿ ಹೊಡೆಯುತ್ತಿದ್ದರು. ಹೆಗಲ ಮೇಲೆ ಅದೇ ಹುರಿ. ನನ್ನ ದನಿ ಕೇಳಿ ತಲೆಯೆತ್ತಿ, "ಬರ್ರಿ ಸಾಹೇಬ್ರ, ಕುಂದರ್ರಿ," ಎಂದರು. ಮಗಳು ಬಾನು ಚಹ ತಂದಿಟ್ಟಳು. ಒಳಗೋಡೆಯ ಮಾಡದಲ್ಲಿ ಹನ್ನೊಂದು ಮನೆಗಳು ಕಂಡವು. ಓಣಿಯ ತಿರುವು ಕೂಡ ಇದ್ದ ಹಾಗೇ ಇತ್ತು.

ಅಳತೆಯ ಮಾತು, ಬಿಸಿಲಿನ ಮಾತು, ದ್ರಾಕ್ಷಿಯ ಮಾತು ಎಲ್ಲ ಮುಗಿದವು. ಚಹ ಆರಿಹೋಯಿತು. ಕಡೆಗೆ ಹೇಳಿದೆ. "ಕಾಕಾ, ನಕ್ಷೆದಾಗ ತಪ್ಪ ಇರಲಿಲ್ಲ. ಬೇಕಂತನ ಬಿಟ್ಟಿದ್ದೆ. ನನಗ ಮೊದಲ ಗೊತ್ತಿತ್ತು."

"ಗೊತ್ತೈತ್ರಿ," ಎಂದರು, ಮೊಳೆಯನ್ನು ಹುಡುಕುತ್ತ. "ನೀವು ಬೇವಿನ ಗಿಡಾ ಒಂದು ಬಿಡೂ ಪೈಕಿ ಅಲ್ಲ. ಹನ್ನೊಂದು ಮನಿ ಮರೀತೀರೇನು? ಹುರಿ ಹಿಡಕೊಂಡು ಹೋದಾಗನ ತಿಳೀತು."

"ಮತ್ತ ಯಾಕ ಕೂಡಿಸಿದ್ರಿ? ತಪ್ಪ ಆಗೈತಿ ಅಂತ ಅಷ್ಟು ಮಂದಿ ಮುಂದ ಯಾಕ ಹೇಳಿದ್ರಿ?"

ಸುತ್ತಿಗೆ ಕೆಳಗಿಟ್ಟರು. ನನ್ನ ದನಿ ಬಂದ ದಿಕ್ಕಿಗೆ ಮುಖ ಮಾಡಿ, ಒಂದು ಕಣ್ಣು ಮುಚ್ಚಿದರು.

"ನಮ್ಮ ಮನಿ ಹೋಗೂದು ಹೋಗತಿತ್ತೋ ಏನೋ, ನನಗ ತಿಳೀದು. ಆದ್ರ ಅಲ್ಲಿ ಒಳಗ ಸಿಕ್ಕೊಂಡಾಂವ ನೀನ ಇದ್ದಿ. ಅದಕ್ಕ ಒಂದು ಕಿಟಕಿ ಬಿಟ್ಟಿದ್ದೆ, ತಮ್ಮಾ. 'ಹೌದ್ರಿ, ಬರೆಯೂದರಾಗ ತಪ್ಪೇನಿ' ಅಂತ ಅಂದಿದ್ರ ಆಗತಿತ್ತು. ತಪ್ಪ ಮಾಡಿದಾಂವಗ ಬೈತಾರ, ನೌಕರಿ ತಗಿಯೂದಿಲ್ಲ."

ಅವರು ಎದ್ದು, ಗೋಡೆ ಹಿಡಿದುಕೊಂಡು ಬಂದು, ನನ್ನ ಭುಜಕ್ಕೆ ಗೇಣು ಹಾಕಿದರು. "ಬಲಕ್ಕ ವಾಲೀದಿ," ಎಂದರು. ಆಮೇಲೆ, "ಐದರ ಬಸ್ಸು ಹೋತಂದ್ರ ಮತ್ತ ಗಾಡಿ ತಡಾ. ನಡಿ," ಎಂದು ರಸ್ತೆಯವರೆಗೆ ಬಂದರು. ಬಸ್ಸು ಹೊರಟಾಗ ಅವರು ಕೈ ಬೀಸಿದ್ದು ನಾನಿದ್ದ ಕಿಟಕಿಗಲ್ಲ, ಅದರ ಹಿಂದಿನ ಕಿಟಕಿಗೆ.

ಮರುವರ್ಷ ಅವರು ತೀರಿಕೊಂಡರು. ನನಗೆ ತಿಳಿದದ್ದು ತಿಂಗಳ ಮೇಲೆ. ಮಾಡದಲ್ಲಿದ್ದ ಮನೆಗಳನ್ನು ಏನು ಮಾಡಿದಿರೆಂದು ಬಾನುವನ್ನು ಕೇಳಿದೆ. ಅಪ್ಪ ಹೇಳಿದ್ದಂತೆ ಮೊಹರಮ್ಮಿನ ತಾಬೂತಿನ ಜೊತೆ ನೀರಿಗೆ ಬಿಟ್ಟೆವು ಎಂದಳು. "ಎಲ್ಲಾ ಸುಮ್ಮ ಮುಳುಗಿದವ್ರಿ ಅಣ್ಣಾರ, ಒಂದೂ ತೇಲಲಿಲ್ಲ."

ಮಾರುಕಟ್ಟೆಯ ಮಾಡೆಲ್ಲು ಈಗಲೂ ನಮ್ಮ ಕಚೇರಿಯ ನಡುಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಬಂದವರೆಲ್ಲ ಮುಂಬಯಿಯಲ್ಲಿ ಮಾಡಿಸಿದ್ದೇ ಎಂದು ಕೇಳುತ್ತಾರೆ. ಅಲ್ಲ, ಜೋರಾಪುರ ಪೇಟೆಯ ಇಮಾಮಸಾಬರು ಮಾಡಿದ್ದು ಎಂದು ಹೇಳುತ್ತೇನೆ, ಅಷ್ಟನ್ನಾದರೂ ಹೇಳುತ್ತೇನೆ. ಕಾಕಾ ಹೇಳಿದ್ದು ಕೇಳಿ ತಿಕೋಟಾದಿಂದ ಬಂದ ದಿನ ಪೆಟ್ಟಿಗೆ ತೆರೆದು ಆ ಮೂಡಣ ಪಡಸಾಲೆಯ ಕಿಟಕಿಗಳನ್ನು ಒಂದೊಂದಾಗಿ ಉಗುರಿನಿಂದ ಮುಟ್ಟಿ ನೋಡಿದೆ. ಇಪ್ಪತ್ತಮೂರು ಗಟ್ಟಿಯಾಗಿ ಅಂಟಿದ್ದವು. ಇಪ್ಪತ್ತನಾಲ್ಕನೆಯದು ತೆರೆದುಕೊಂಡಿತು. ಅದನ್ನು ಹಾಗೇ ಬಿಟ್ಟು ಪೆಟ್ಟಿಗೆಗೆ ಕೀಲಿ ಹಾಕಿದೆ. ಕೀಲಿ ಈಗಲೂ ನನ್ನ ಹತ್ತಿರವೇ ಇದೆ.